ಪಟ್ಟಲಮ್ಮನ ನೀರು

"ಗುಡಾಣ ಎರಡು ಯಾಕೆ ದೊಡ್ಡಪ್ಪಾ?"

ದೊಡ್ಡಪ್ಪ ಹೊನ್ನಯ್ಯ ಗಾಡಿಯಿಂದ ಇಳಿಸಿದ ಮೊದಲನೇ ಗುಡಾಣವನ್ನು ಗೋಣಿಮರದ ನೆರಳಲ್ಲಿ, ಮರಳು ಹಾಸಿದ ಜಾಗದಲ್ಲಿ ಕೂರಿಸಿದ. ಅದರ ಕೊರಳಿಗೆ ಕಣಗಿಲೆ ಹೂವಿನ ಸರ ಸುತ್ತಿದ. ಎರಡನೇದನ್ನು ಎತ್ತಿಕೊಂಡು ಹತ್ತು ಹೆಜ್ಜೆ ಆಚೆ ಹೋಗಿ ಬೇಲಿ ಪಕ್ಕದ ಬಿಸಿಲಲ್ಲಿ ಇಟ್ಟ. ಅದಕ್ಕೆ ಹೂವೂ ಇಲ್ಲ, ಮರಳೂ ಇಲ್ಲ.

"ಯಾಕೆ ಅಂತ ಕೇಳ್ದೆ," ಅಂದಳು ಬೋರಿ.

"ಅಮ್ಮಿ, ನಿನ್ನ ಬಾಯಿಗೆ ಬೀಗ ಅನ್ನೋದೇ ಇಲ್ವಾ? ನೆರಳಲ್ಲಿರೋದು ನಮ್ಮೋರ್ಗೆ. ಬೇಲಿ ತಾವ ಇರೋದು ಆಚೆ ಕೇರಿಯೋರ್ಗೆ, ಸಾಬ್ರಿಗೆ." ದೊಡ್ಡಪ್ಪ ಗಾಡಿಯಿಂದ ಒಂದು ಸೀಳಿದ ಬಿದಿರ ದಬ್ಬೆ ಎಳೆದ. "ಅವರ ಕೈಗೆ ಚೊಂಬು ಕೊಡಂಗಿಲ್ಲ. ಈ ದಬ್ಬೇಲಿ ನೀರು ಬುಡು. ಬೊಗಸೆ ಒಡ್ಡಿ ಕುಡೀಲಿ."

ಬೋರಿ ದಬ್ಬೆ ಮುಟ್ಟದೆ ಕೈ ಹಿಂದೆ ಕಟ್ಟಿಕೊಂಡಳು.

ಅದು ಸಾವಿರದ ಒಂಬೈನೂರ ನಲವತ್ತನೇ ಇಸವಿ. ಯುಗಾದಿ ಮುಗಿದು ಮೂರು ದಿನವಾಗಿತ್ತು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಆಗೆಲ್ಲ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಜನ ನಡೆದೇ ಹೋಗುತ್ತಿದ್ದರು. ಬೇಸಿಗೆಯಲ್ಲಿ ಹಾಗೆ ನಡೆದು ಬಂದವರಿಗೆ ಪುಕ್ಕಟೆ ನೀರು ಕೊಡುವ ಜಾಗಕ್ಕೆ ಅರವಟ್ಟಿಗೆ ಅಂತ ಹೆಸರು. ಈ ಗೋಣಿಮರದ ಕೆಳಗೆ ಇಪ್ಪತ್ತು ಬೇಸಿಗೆ ಅರವಟ್ಟಿಗೆ ನಡೆಸಿದವಳು ಬೋರಿಯ ಅಜ್ಜಿ, ಹೊನ್ನಯ್ಯನ ತಾಯಿ ಪಟ್ಟಲಮ್ಮ.

ಪಟ್ಟಲಮ್ಮಜ್ಜಿ ಒಂದು ಕಡೆ ಕೂತ ಹೆಂಗಸಲ್ಲ. ಯಾರ ಮನೆಯಲ್ಲಿ ಹೆರಿಗೆ ಅಂದರೂ ಅರ್ಧ ರಾಗಿ ಮುದ್ದೆ ತಟ್ಟೆಯಲ್ಲೇ ಬಿಟ್ಟು ಓಡುತ್ತಿದ್ದಳು. ಪ್ಲೇಗು ಬಂದು ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡಾಗ, ಗುಡಿಸಲು ಗುಡಿಸಲಿಗೆ ಗಂಜಿ ಹೊತ್ತಳು. "ನಿಂಗೆ ಮನೆ ಕೆಲಸ ಇಲ್ವಾ ಪಟ್ಟಲಮ್ಮ?" ಅಂತ ಯಾರಾದರೂ ಕೆಣಕಿದರೆ, "ಮಾಡ್ಬುಟ್ಟೇ ಬಂದಿವ್ನಿ ಕಣಪ್ಪ. ನಿನ್ನಂಗೆ ಜಗುಲಿ ಮ್ಯಾಲೆ ಕೂತ್ಕಂಡು ಕಡ್ಡಿ ಮುರಿಯಕೆ ನಂಗೆ ಬರಾಕಿಲ್ಲ," ಅನ್ನುತ್ತಿದ್ದಳು.

ಎರಡು ವರ್ಷದ ಹಿಂದೆ ಶಿವಪುರದಲ್ಲಿ, ಸರ್ಕಾರ ಬೇಡ ಅಂದರೂ ಸ್ವಾತಂತ್ರ್ಯದ ಬಾವುಟ ಏರಿಸಲು ಸಾವಿರಾರು ಜನ ಸೇರಿದರಲ್ಲ, ಆಗಲೂ ಅಜ್ಜಿ ಸುಮ್ಮನಿರಲಿಲ್ಲ. ಅರವಟ್ಟಿಗೆಯನ್ನೇ ತಲೆ ಮೇಲೆ ಹೊತ್ತು ಹೊರಟಳು. ದಾರಿಯಲ್ಲಿ ಒಬ್ಬ ಪೊಲೀಸು ಲಾಠಿ ಅಡ್ಡ ಹಿಡಿದು, "ಏಯ್ ಮುದುಕಿ, ಒಳಗೆ ಬುಡಂಗಿಲ್ಲ," ಅಂದ. ಅಜ್ಜಿ ಕೊಡ ಇಳಿಸಿ, "ಬಾವುಟ ಇಲ್ಲ ಕಣಪ್ಪ, ನೀರು. ಬಗ್ಗಿ ನೋಡು. ಅಯ್ಯೋ, ನೀನೇ ಒಣಗೋಗಿದ್ದೀಯಲ್ಲೋ. ತಗೋ, ಮೊದ್ಲು ಕುಡಿ," ಅಂತ ಚೊಂಬು ಕೊಟ್ಟಳು. ಪೊಲೀಸು ಕುಡಿದ. ಕುಡಿದವನು ಮೀಸೆ ಒರೆಸಿಕೊಂಡು ಆಚೆ ತಿರುಗಿ ನಿಂತ. ಅಜ್ಜಿ ಒಳಗೆ ಹೋದಳು.

ಈ ಕತೆಯನ್ನು ಬೋರಿ ನೂರು ಸಲ ಕೇಳಿದ್ದಳು. ನೂರು ಸಲವೂ ನಕ್ಕಿದ್ದಳು.

ಅಜ್ಜಿಗೆ ಒಂದು ಕಟ್ಟುನಿಟ್ಟು ಇತ್ತು. "ಕುಡಿಯೋ ಮುಂಚೆ ಏನೂ ಕೇಳ್ಬಾರ್ದು ಬೋರಿ. ಊರು, ಹೆಸರು, ಜಾತಿ, ಏನೂ. ಬಾಯಾರಿರೋನ ನಾಲಿಗೆ ಒಣಗಿರ್ತದೆ, ಉತ್ತರ ಹೆಂಗೆ ಹೇಳಾನು? ಮೊದ್ಲು ಕುಡೀಲಿ. ಆಮೇಲೆ ಬೇಕಾದ್ರೆ ಬೈಗಾಗೋ ಗಂಟ ಮಾತಾಡು."

ಹೋದ ದೀಪಾವಳಿ ಹೊತ್ತಿಗೆ ಅಜ್ಜಿ ತೀರಿಕೊಂಡಳು. ಈ ಬೇಸಿಗೆ ಅವಳ ಹೆಸರಲ್ಲಿ ಅರವಟ್ಟಿಗೆ ಇಡೋಣ ಅಂತ ದೊಡ್ಡಪ್ಪನೇ ಹೇಳಿದ. ಬೋರಿಗೆ ಆಗ ಎಷ್ಟು ಖುಷಿಯಾಗಿತ್ತು! ಮೂರನೇ ಕ್ಲಾಸು ಪಾಸಾದ ಬೋರಿ ಬಿಟ್ಟರೆ ಆ ಮನೆಯಲ್ಲಿ ಓದು ಬರಹ ಬಲ್ಲವನು ಅವಳ ಅಪ್ಪ ಒಬ್ಬನೇ. ಅವನೋ ಮಂಡ್ಯದ ಸಕ್ಕರೆ ಫ್ಯಾಕ್ಟರಿ ಕೆಲಸದಲ್ಲಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಹಾಗಾಗಿ ಬೋರ್ಡು ಬರೆಯುವ ಕೆಲಸ ಬೋರಿಗೇ ಬಂತು. ಹಳೇ ಬಾಗಿಲ ಹಲಗೆಗೆ ಮಸಿ ಬಳಿದು, ಈಚಲು ಕಡ್ಡಿಯನ್ನು ಸುಣ್ಣದಲ್ಲಿ ಅದ್ದಿ, ನಾಲಿಗೆ ಕಚ್ಚಿಕೊಂಡು ಬರೆದಳು:

ಪಟ್ಟಲಮ್ಮನವರ ನೆನಪಿನ ಅರವಟ್ಟಿಗೆ.

ದೊಡ್ಡಪ್ಪ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತಿದ್ದ. "ಇದ್ರಲ್ಲಿ ಅವ್ವ ಯಾವುದು?" ಅಂತ ಕೇಳಿದ್ದ. ಬೋರಿ ಮೊದಲನೇ ಪದ ತೋರಿಸಿದ್ದಳು. ದೊಡ್ಡಪ್ಪ ಅದರ ಮೇಲೆ, ಸುಣ್ಣ ಮುಟ್ಟದ ಹಾಗೆ, ಒಂದು ಬೆರಳು ಆಡಿಸಿದ್ದ.

ಅದೇ ದೊಡ್ಡಪ್ಪ ಈಗ ಎರಡು ಗುಡಾಣ ತಂದಿದ್ದಾನೆ!

"ಅಜ್ಜಿ ಹಿಂಗೆ ಮಾಡ್ತಿರ್ಲಿಲ್ಲ," ಅಂದಳು ಬೋರಿ. "ಯಾರೋ ತಂದಿಟ್ಟಿದ್ದ ದಬ್ಬೇನ ಅಜ್ಜಿ ಒಲೆಗಿಟ್ಟು ನೀರು ಕಾಯಿಸಿದ್ಲಂತೆ. ನೀನೇ ಹೇಳಿದ್ದೆ."

"ನಿಮ್ಮಜ್ಜಿ ಯಾರ ಮಾತೂ ಕೇಳ್ತಿರ್ಲಿಲ್ಲ. ನಾನು ಊರಲ್ಲಿ ನಾಲ್ಕು ಜನದ ಜೊತೆ ಬಾಳ್ಬೇಕು. ಒಂದೇ ಗುಡಾಣ ಇಟ್ರೆ ನಿಮ್ಮ ನೀರು ಊರೋರು ಯಾರೂ ಮುಟ್ಟಲ್ಲ ಅಂತ ಮುದ್ದಯ್ಯನೋರು ಹೇಳವ್ರೆ." ಮುದ್ದಯ್ಯ ಊರಿಗೆಲ್ಲ ದೊಡ್ಡ ಕಬ್ಬಿನ ಗದ್ದೆಯವನು. ಗುಡಾಣ ತಂದ ಗಾಡಿಯೂ ಅವನದೇ. "ಬಂದೋರನ್ನ ಮೊದ್ಲು ಕೇಳು, ಯಾವೂರು, ಯಾರ ಪೈಕಿ ಅಂತ. ಆಮೇಲೆ ನೀರು ಬುಡು. ತಪ್ಪಿದ್ಯೋ, ಬೆನ್ನು ಮುರೀತೀನಿ."

ಬೋರಿ ಅವ್ವನ ಕಡೆ ನೋಡಿದಳು. ಅವ್ವ ಚಿಕ್ಕಮಾದಮ್ಮ ಬಾವಿಯಿಂದ ಕೊಡ ಕೊಡ ನೀರು ತಂದು ಗುಡಾಣ ತುಂಬುತ್ತಿದ್ದಳು. "ದೊಡ್ಡೋರು ಹೇಳ್ದಂಗೆ ಮಾಡಮ್ಮಿ," ಅಂದವಳು ಮುಖ ಎತ್ತಲಿಲ್ಲ. ಕೊನೆಯ ಕೊಡ ಸುರಿದು, ಖಾಲಿ ಕೊಡವನ್ನು ಅಲ್ಲೇ ಬಿಟ್ಟು ಮನೆಗೆ ಹೋದಳು. ದೊಡ್ಡಪ್ಪ ನೇಗಿಲ ಗುಳ ಹರಿತ ಮಾಡಿಸಲು ಮದ್ದೂರಿನ ದಾರಿ ಹಿಡಿದ.

ಬೋರಿ ಕಲ್ಲಿನ ಮೇಲೆ ಕೂತಳು. ತಲೆ ಮೇಲೆ ಕೊಕ್ಕರೆ ಸಾಲೊಂದು ಬೆಳ್ಳೂರಿನ ಕಡೆ ಹೋಯಿತು. ಮಳವಳ್ಳಿ ಕಡೆಯ ಇಬ್ಬರು ಗಾಡಿಯವರು ಬಂದರು. ಬೋರಿ ಕೇಳಿದಳು, ಅವರು ಹೇಳಿದರು, ನೆರಳಿನ ಗುಡಾಣದ ನೀರು ಕುಡಿದರು. ಅಷ್ಟೇ. ಅಜ್ಜಿ ಇದ್ದಿದ್ದರೆ ಅಷ್ಟು ಹೊತ್ತಿಗೆ ಅವರ ಎತ್ತಿನ ಹೆಸರೂ ಗೊತ್ತಾಗಿರುತ್ತಿತ್ತು.

ಆಮೇಲೆ ಎರಡು ಕಾಲು ಬಂದು ನಿಂತವು. ಹೌದು, ಬೋರಿ ನೋಡಿದ್ದು ಕಾಲನ್ನೇ. ಆ ಪ್ರಶ್ನೆ ಕೇಳುವಾಗ ಮುಖ ನೋಡಲು ಅವಳಿಗೆ ಆಗುತ್ತಿರಲಿಲ್ಲ. ಕೆಂಪು ಧೂಳು ಹತ್ತಿದ ಕಾಲು. ಹೆಬ್ಬೆರಳಿಗೆ ಉಗುರಿರಲಿಲ್ಲ.

"ಯಾವೂರು? ಯಾರ ಪೈಕಿ?"

ಕಾಲು ಅಲುಗಲಿಲ್ಲ. ಮೇಲಿಂದ ಒಂದು ಒಣಗಿದ ದನಿ ಬಂತು. "ಪಟ್ಟಲಮ್ಮನೋರ ಅರವಟ್ಟಿಗೆ ಸುರುವಾಯ್ತು ಅಂದ್ರು. ಅದ್ಕೇ ಬಂದೆ ಕನವ್ವ." ಒಂದು ಕಾಲು ಹಿಂದೆ ಸರಿಯಿತು. "ಕೇಳ್ಬುಟ್ರಲ್ಲ. ಇರ್ಲಿ ಬುಡಿ."

ಕಾಲು ತಿರುಗಿದವು. ಬೋರಿ ತಲೆ ಎತ್ತುವ ಹೊತ್ತಿಗೆ ಬೆನ್ನು ಕಾಣಿಸಿತು. ಕರಿಸಿದ್ದಯ್ಯ! ಆಚೆ ಕೇರಿಯ ಕರಿಸಿದ್ದಯ್ಯ ತಾತ, ರಸ್ತೆಗೆ ಜಲ್ಲಿ ಒಡೆಯುವವನು. ಶಿವಪುರಕ್ಕೆ ಅಜ್ಜಿಯ ಜೊತೆ ಹೆಗಲ ಅಡ್ಡೆಯಲ್ಲಿ ಎರಡು ಕೊಡ ತೂಗಿಸಿ ಹೊತ್ತವನು. ಅವನ ಊರು ಗೊತ್ತಿಲ್ಲವೇ ಬೋರಿಗೆ? ಅವನ ಪೈಕಿ ಗೊತ್ತಿಲ್ಲವೇ?

"ತಾತಾ" ಅನ್ನಲು ಹೋದಳು. ಅಷ್ಟರಲ್ಲಿ ಅವನು ರಸ್ತೆ ಸೇರಿಬಿಟ್ಟಿದ್ದ.

ಅವಳು ಕಣ್ಣು ಒರೆಸಿಕೊಳ್ಳುತ್ತಿದ್ದಾಗ ಕೋಲು ಊರಿಕೊಂಡು ಶರೀಫುನ್ನೀಸಾ ಬಂದಳು. ಬೋರಿಗೆ ಅವಳು ಸರೀಪಜ್ಜಿ. ಅವಳೂ ಪಟ್ಟಲಮ್ಮಜ್ಜಿಯೂ ಒಂದೇ ವರ್ಷ ಮದುವೆಯಾಗಿ ಈ ಊರಿಗೆ ಬಂದವರು. ನಲವತ್ತು ವರ್ಷ ಒಬ್ಬರಿಗೊಬ್ಬರು ಜಗಳವಾಡಿಕೊಂಡು, ಎಲೆ ಅಡಿಕೆ ಹಂಚಿಕೊಂಡು ಬದುಕಿದವರು. ಪ್ರತಿ ವರ್ಷ ಅರವಟ್ಟಿಗೆಯ ಮೊದಲ ದಿನ ಸರೀಪಜ್ಜಿ ಒಂದು ಕಟ್ಟು ಲಾವಂಚದ ಬೇರು ತರುತ್ತಿದ್ದಳು. ಅದನ್ನು ಗುಡಾಣದಲ್ಲಿ ಹಾಕಿದರೆ ನೀರು ತಂಪು, ಗಮಗಮ.

"ಅರೇ ಬೇಟಿ, ಈ ಸಲ ಎರಡಾ?" ಸರೀಪಜ್ಜಿಯ ಮುಖ ಅರಳಿತು. "ಒಳ್ಳೇದಾಯ್ತು ಬುಡು. ಪಟ್ಟಲಕ್ಕನ ಹೆಸ್ರಿಗೆ ಒಂದು ಎಲ್ಲಿ ಸಾಕು? ಆದ್ರೆ ನೋಡು, ನಾನು ಒಂದೇ ಕಟ್ಟು ತಂದಿವ್ನಿ. ಯಾವುದಕ್ಕೆ ಹಾಕ್ಲಿ?"

ಬೋರಿ ಒದ್ದೆ ಬಟ್ಟೆಯಲ್ಲಿ ಚೊಂಬು ಒರೆಸತೊಡಗಿದಳು.

ಸರೀಪಜ್ಜಿ ನೆರಳಿನ ಗುಡಾಣದ ಹೂವು ನೋಡಿದಳು. ಬೇಲಿ ಪಕ್ಕದ ಗುಡಾಣ ನೋಡಿದಳು. ಅದರ ಮೇಲೆ ಅಡ್ಡ ಇಟ್ಟಿದ್ದ ದಬ್ಬೆ ನೋಡಿದಳು. ಮುಖದ ನಗು ಮೆಲ್ಲಗೆ ಇಳಿಯಿತು. ಕೋಲು ಊರಿಕೊಂಡು ಹತ್ತು ಹೆಜ್ಜೆ ನಡೆದು, ಬಿಸಿಲಲ್ಲೇ ಬೇಲಿ ಪಕ್ಕ ಕೂತಳು.

"ನಂದು ಇದಾ?" ಅಂತ ಕೇಳಿದಳು. ಸಿಟ್ಟಿನಿಂದ ಕೇಳಿದ್ದರೆ ಬೋರಿ ತಡೆದುಕೊಳ್ಳುತ್ತಿದ್ದಳು. ಅವಳು ಸಿಟ್ಟಿಲ್ಲದೆ ಕೇಳಿದಳು.

ಬೋರಿ ದಡಕ್ಕನೆ ಎದ್ದಳು. ಒದ್ದೆ ಬಟ್ಟೆ ತೆಗೆದುಕೊಂಡು ಬೋರ್ಡಿನ ಮೊದಲನೇ ಪದವನ್ನು ಗಸಗಸ ಉಜ್ಜಿದಳು. ಸುಣ್ಣ ಕರಗಿ ಕೆಳಗೆ ಸೋರಿತು. ‘ನೆನಪಿನ ಅರವಟ್ಟಿಗೆ’ ಅಂತ ಮಾತ್ರ ಉಳಿಯಿತು.

"ಏ ಏ, ಏನು ಮಾಡ್ತಿದ್ದೀಯೇ ಹುಡುಗಿ?"

"ಇದು ಅಜ್ಜಿ ಅರವಟ್ಟಿಗೆ ಅಲ್ಲ. ಅಜ್ಜಿ ಹೆಸ್ರು ಯಾಕೆ ಇಲ್ಲಿ?"

ಅಂದಳೇ ಹೊರತು, ಬೋರ್ಡಿನಲ್ಲಿ ಖಾಲಿಯಾದ ಜಾಗ ನೋಡಿ ಅವಳಿಗೇ ದಿಗಿಲಾಯಿತು. ಅಜ್ಜಿ ಇನ್ನೊಂದು ಸಲ ಸತ್ತ ಹಾಗೆ. ಇಲ್ಲ, ಇಷ್ಟಕ್ಕೇ ಬಿಟ್ಟರೆ ಆಗುವುದಿಲ್ಲ.

ಅವ್ವ ಬಿಟ್ಟುಹೋದ ಕೊಡ ಅಲ್ಲೇ ಇತ್ತು. ಬೋರಿ ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ನೆರಳಿನ ಗುಡಾಣದಿಂದ ಒಂದು ಕೊಡ ತುಂಬಿ ಬೇಲಿ ಗುಡಾಣಕ್ಕೆ ಸುರಿದಳು. ಬೇಲಿ ಗುಡಾಣದಿಂದ ಒಂದು ಕೊಡ ತುಂಬಿ ನೆರಳಿನದಕ್ಕೆ ಸುರಿದಳು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಲಂಗ ನೆನೆಯಿತು. ತೋಳು ನೋಯಿತು. ಹತ್ತು ಸಲ ಆದ ಮೇಲೂ ನಿಲ್ಲಿಸಲಿಲ್ಲ. ಆಮೇಲೆ ಕಣಗಿಲೆ ಸರ ಹರಿದು ಎರಡು ತುಂಡು ಮಾಡಿ ಎರಡಕ್ಕೂ ಕಟ್ಟಿದಳು. ಸರೀಪಜ್ಜಿಯ ಮಡಿಲಿಂದ ಲಾವಂಚದ ಕಟ್ಟು ಕಿತ್ತುಕೊಂಡು, ಬಿಚ್ಚಿ, ಅರ್ಧ ಅಲ್ಲಿಗೆ ಅರ್ಧ ಇಲ್ಲಿಗೆ ಹಾಕಿದಳು.

"ಹೊನ್ನ ಬಂದ್ರೆ ನಿನ್ನ ಚರ್ಮ ಸುಲೀತಾನೆ," ಅಂದಳು ಸರೀಪಜ್ಜಿ.

"ಸುಲೀಲಿ. ಚರ್ಮ ಸುಲ್ದ್ರೆ ನೀರು ಮತ್ತೆ ಬ್ಯಾರೆ ಬ್ಯಾರೆ ಆಯ್ತದಾ?"

ಸರೀಪಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. "ಅದೇ ಬಾಯಿ ಕಣೇ. ಅವಳದೇ ಬಾಯಿ," ಅಂದಳು.

"ನೆರಳಿಗೆ ಬಾ, ಇಲ್ಲಿ ಕೂತ್ಕೊ. ಯಾರಾನ ಬಂದ್ರೆ ನೀರು ಕೊಡು, ಈಗ ಬಂದೆ." ಬೋರಿ ಚೊಂಬು ತುಂಬಿಕೊಂಡು ರಸ್ತೆಗೆ ಬಿದ್ದಳು. ಕಾಲು ಸುಡುತ್ತಿತ್ತು. ಓಡಿದರೆ ನೀರು ತುಳುಕುತ್ತದೆ, ನಡೆದರೆ ಕಾಲು ಬೇಯುತ್ತದೆ. ಅರ್ಧ ಓಡಿ ಅರ್ಧ ನಡೆದು ಜಲ್ಲಿ ರಾಶಿಯ ಹತ್ತಿರ ಬಂದಳು.

ಕರಿಸಿದ್ದಯ್ಯ ಸುತ್ತಿಗೆ ಕೆಳಗಿಟ್ಟು ಎದ್ದು ನಿಂತ. ಅಭ್ಯಾಸಬಲ, ಎರಡು ಕೈ ಸೇರಿಸಿ ಬೊಗಸೆ ಒಡ್ಡಿದ.

ಬೋರಿ ಚೊಂಬು ಬಗ್ಗಿಸಲಿಲ್ಲ. ಮುಂದೆ ಚಾಚಿ ಹಿಡಿದುಕೊಂಡೇ ನಿಂತಳು.

"ಹುಯ್ಯವ್ವ."

"ಹುಯ್ಯಲ್ಲ. ಹಿಡ್ಕೊ ತಾತ."

"ಯಾವ ಗುಡಾಣದ್ದವ್ವ ಇದು? ಆಮೇಲೆ ನಿಂಗೆ ತೊಂದ್ರೆ ಆದಾತು."

"ಗೊತ್ತಿಲ್ಲ. ಎರಡೂ ಬೆರೆಸ್ಬುಟ್ಟೆ."

ಕರಿಸಿದ್ದಯ್ಯ ಅವಳನ್ನು ಮೇಲಿಂದ ಕೆಳಗೆ ನೋಡಿದ. ಒದ್ದೆ ಲಂಗ, ಸುಣ್ಣ ಮೆತ್ತಿದ ಕೈ, ಮಸಿ ಹತ್ತಿದ ಮೂಗು. ಚೊಂಬು ತೆಗೆದುಕೊಂಡು, ಎತ್ತಿ ಗಟಗಟ ಕುಡಿದ. ಕುಡಿದ ಮೇಲೆ ಅವನಿಗೆ ಮಾತು ಬಂತು. "ನಿಮ್ಮಜ್ಜಿನೂ ಹಿಂಗೇ ಕನವ್ವ. ಮೊದ್ಲ ದಿನ ನಾನು ಬೊಗಸೆ ಒಡ್ಡಿದ್ರೆ, ‘ಬಗ್ಗಿ ಬಗ್ಗಿ ನಂಗೆ ಸೊಂಟ ನೋಯ್ತದೆ ಕಣ್ಲಾ, ಚೊಂಬು ಹಿಡ್ಕೊ’ ಅಂದ್ಬುಟ್ಲು. ಆವತ್ತು ಅವಳ ಸೊಂಟಕ್ಕೆ ಏನೂ ಆಗಿರ್ಲಿಲ್ಲ."

"ತಾತ, ನಾನು ಆಗ ಕೇಳ್ಬಾರ್ದಾಗಿತ್ತು."

"ಅದ್ಕೇ ಇಷ್ಟು ದೂರ ಬಂದಿದ್ದೀಯಲ್ಲ. ಓಗು, ನೆತ್ತಿ ಸುಡ್ತದೆ."

ಬೋರಿ ವಾಪಸ್ಸು ಬರುವಷ್ಟರಲ್ಲಿ ಗೋಣಿಮರದ ಕೆಳಗೆ ದೊಡ್ಡಪ್ಪ ನಿಂತಿದ್ದ. ಹೆಗಲ ಮೇಲೆ ನೇಗಿಲ ಗುಳ, ಮೈಯೆಲ್ಲ ಬೆವರು. ಪಕ್ಕದಲ್ಲಿ ಕೊಡೆ ಹಿಡಿದ ಮುದ್ದಯ್ಯ. ಸರೀಪಜ್ಜಿ ನೆರಳಲ್ಲಿ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಳು, ತನಗೇನೂ ಗೊತ್ತಿಲ್ಲ ಅನ್ನುವ ಹಾಗೆ.

"ಹೊನ್ನಯ್ಯ, ನಮ್ಮ ಗುಡಾಣ ಯಾವುದಯ್ಯಾ?" ಅಂದ ಮುದ್ದಯ್ಯ. "ಎರಡಕ್ಕೂ ಹೂವು ಅದೆಯಲ್ಲ?"

"ಯಾವುದಮ್ಮಿ?" ದೊಡ್ಡಪ್ಪನ ದನಿ ಗಡುಸಾಗಿತ್ತು.

ಬೋರಿ ಕಣ್ಣು ಕೆಳಗೆ ಹಾಕಲಿಲ್ಲ. "ಎರಡೂ ಒಂದೇ ದೊಡ್ಡಪ್ಪ. ಆ ನೀರು ಇದ್ರಲ್ಲಿ ಅದೆ, ಈ ನೀರು ಅದ್ರಲ್ಲಿ ಅದೆ. ಬೆರೆಸ್ಬುಟ್ಟೆ. ಕರಿಸಿದ್ದಯ್ಯ ತಾತ ಇದೇ ಚೊಂಬಲ್ಲಿ ಕುಡ್ದ."

ಮುದ್ದಯ್ಯ ಕೊಡೆ ಸಮೇತ ಎರಡು ಹೆಜ್ಜೆ ಹಿಂದೆ ಸರಿದ. "ನೋಡ್ದಾ? ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದ್ರೆ ಹಿಂಗೇ ಆಗೋದು! ನಿಮ್ಮ ನೀರು ನಿಮಗೇ ಇರ್ಲಿ ಕಣಯ್ಯ!"

"ಬಿಸ್ಲು ಜೋರಾಗಿ ಅದೆ ಮುದ್ದಯ್ಯನೋರೇ," ಅಂದಳು ಬೋರಿ. "ಊರು ಇನ್ನೂ ದೂರ ಅದೆ."

ಮುದ್ದಯ್ಯ ತಿರುಗಿ ನೋಡದೆ ನಡೆದ. ಕೊಡೆ ದೂರದಲ್ಲಿ ಕರೀ ಚುಕ್ಕಿಯಾಯಿತು. ಆಮೇಲೆ ದೊಡ್ಡಪ್ಪ ಗುಳ ಕೆಳಗೆ ಎಸೆದು, ಹೊಡೆಯಲು ಬೇಲಿಯಿಂದ ಒಂದು ಬರಲು ಕಡ್ಡಿ ಮುರಿದುಕೊಂಡ.

"ಹೊನ್ನ," ಅಂದಳು ಸರೀಪಜ್ಜಿ, ಕುಟ್ಟುವುದು ನಿಲ್ಲಿಸದೆ. "ಪಟ್ಟಲಕ್ಕ ಪ್ಲೇಗಿನ ಗುಡಿಸ್ಲಿಗೆ ಗಂಜಿ ಹೊರ್ತಿದ್ದಾಗ ನೀನು ನಮ್ಮನೇಲಿ ಇದ್ದೆ. ನಮ್ಮ ಮಡಕೆ ನೀರು ಎಷ್ಟು ಸಲ ಕುಡ್ದಿದ್ದೀಯ? ಮುದ್ದಯ್ಯನ ಮುಂದೆ ಆಡ್ಬಾರ್ದು ಅಂತ ಇಷ್ಟೊತ್ತು ಬಾಯಿ ಮುಚ್ಕಂಡಿದ್ದೆ ನೋಡು."

ಬರಲು ಹಿಡಿದ ಕೈ ಹಾಗೇ ನಿಂತಿತು. ದೊಡ್ಡಪ್ಪ ಮುಖ ತಿರುಗಿಸಿದ. ತಿರುಗಿಸಿದ ಕಡೆ ಬೋರ್ಡು ಇತ್ತು.

ಅವನಿಗೆ ಓದಲು ಬಾರದು. ಆದರೆ ಆ ಜಾಗ ಅವನಿಗೆ ಗೊತ್ತಿತ್ತು.

"ಇಲ್ಲಿ ಅವ್ವ ಇದ್ಲಲ್ಲ," ಅಂದ. "ಎಲ್ಲಿ?"

"ನಾನೇ ಅಳಿಸ್ಬುಟ್ಟೆ."

"ಯಾಕಮ್ಮಿ?" ಈ ಸಲ ಅವನ ದನಿ ಗಡುಸಾಗಿರಲಿಲ್ಲ.

"ನೀನು ಎರಡು ಮಾಡ್ದಾಗ್ಲೇ ಅವಳು ಇಲ್ಲಿಂದ ಹೊಂಟೋದ್ಲು ದೊಡ್ಡಪ್ಪ."

ಬಿಸಿಗಾಳಿ ಬೀಸಿತು. ದೊಡ್ಡಪ್ಪ ಒಣಗಿದ ತುಟಿ ಸವರಿಕೊಂಡ. ಮದ್ದೂರಿನಿಂದ ನಡೆದು ಬಂದವನು. ಬೋರಿ ಬಗ್ಗಿ ಚೊಂಬು ತುಂಬಿದಳು. ಯಾವ ಗುಡಾಣ ಅಂತ ಅವಳೂ ನೋಡಲಿಲ್ಲ.

"ಮೊದ್ಲು ಕುಡಿ. ಆಮೇಲೆ ಹೊಡಿ."

ದೊಡ್ಡಪ್ಪ ಚೊಂಬನ್ನೇ ನೋಡಿದ. ಲಾವಂಚದ ವಾಸನೆ ಬಂದಿರಬೇಕು, ಮೂಗು ಅರಳಿತು. ಅವನು ಹುಡುಗನಾಗಿದ್ದಾಗಿನ ಮುಖ ಹೇಗಿತ್ತು ಅಂತ ಬೋರಿಗೆ ಆಗ ಗೊತ್ತಾಯಿತು. ಬರಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡು ಕೈಯಲ್ಲಿ ಚೊಂಬು ಎತ್ತಿದ. ನೀರು ಗದ್ದದ ಮೇಲೆ, ಎದೆ ಮೇಲೆ ಹರಿಯಿತು. ಮುಗಿಸಿ ಚೊಂಬು ಮುಂದೆ ಚಾಚಿದ.

"ಇನ್ನೊಂದು."

ಅದನ್ನೂ ಕುಡಿದು ಬರಲು ಬೇಲಿಗೆ ಎಸೆದ. ಬಿಸಿಲಲ್ಲಿದ್ದ ಗುಡಾಣವನ್ನು ತಬ್ಬಿ ಹಿಡಿದು, ನೀರು ಚೆಲ್ಲುತ್ತಾ ಹತ್ತು ಹೆಜ್ಜೆ ಜರುಗಿಸಿ ತಂದು ನೆರಳಿನದರ ಪಕ್ಕ ಕೂರಿಸಿದ. "ಎರಡಿದ್ರೆ ಒಳ್ಳೇದೇ. ಸಂತೆ ದಿನ ಒಂದು ಸಾಲಲ್ಲ," ಅಂತ ಯಾರಿಗೋ ಹೇಳುವ ಹಾಗೆ ಹೇಳಿಕೊಂಡ. ಆಮೇಲೆ ನೆಲದಲ್ಲಿ ಬಿದ್ದಿದ್ದ ದಬ್ಬೆ ಎತ್ತಿ ಗುಳದ ಜೊತೆ ಹೆಗಲಿಗೆ ಹಾಕಿದ. "ನಿಮ್ಮವ್ವ ಸೌದೆ ಇಲ್ಲ ಅಂತಿದ್ಲು."

ನಾಲ್ಕು ಹೆಜ್ಜೆ ಹೋದವನು ತಿರುಗದೆಯೇ ಅಂದ, "ಅವ್ವನ್ನ ಬರಿ."

ಬೋರಿ ಸುಣ್ಣದ ಚಿಪ್ಪು ತೆಗೆದುಕೊಂಡಳು. ಈಚಲು ಕಡ್ಡಿ ಅದ್ದಿದಳು. ‘ಪ’ ಬರೆಯಲು ಕೈ ಎತ್ತುವಷ್ಟರಲ್ಲಿ ರಸ್ತೆಯಲ್ಲಿ ಜನ. ತಲೆ ಮೇಲೆ ಗಂಟು ಹೊತ್ತ ಹೆಂಗಸು, ಕಂಕುಳಲ್ಲಿ ಮಗು, ಹಿಂದೆ ಒಬ್ಬ ಮುದುಕ. ಬೋರಿ ಕಡ್ಡಿ ಬಿಟ್ಟು ಚೊಂಬು ಹಿಡಿದಳು. ಏನೂ ಕೇಳಲಿಲ್ಲ. ಹೆಂಗಸು ಕುಡಿದಳು, ಮಗುವಿಗೆ ಕುಡಿಸಿದಳು. ಮುದುಕ ಕುಡಿದು, ಕಣ್ಣು ಮುಚ್ಚಿ, ಉಸ್ಸಂತ ಮರಕ್ಕೆ ಒರಗಿದ.

"ಪಟ್ಟಲಮ್ಮನ ನೀರು ತಾನೇ ಇದು?" ಅಂದ.

ಬೋರಿ ಬೋರ್ಡಿನ ಕ‌ಡೆ ನೋಡಿದಳು. ಮೊದಲನೇ ಪದದ ಜಾಗ ಇನ್ನೂ ಖಾಲಿಯಾಗಿತ್ತು.

"ಹೂಂ ತಾತ," ಅಂದಳು.

ಸುಣ್ಣದ ಚಿಪ್ಪನ್ನು ಕಾಲಿಗೆ ಸಿಗದ ಹಾಗೆ ಕಲ್ಲಿನ ಹಿಂದಕ್ಕೆ ಸರಿಸಿ, ಚೊಂಬನ್ನು ಮತ್ತೆ ಗುಡಾಣಕ್ಕೆ ಅದ್ದಿದಳು.

"ಮಗೀಗೆ ಇನ್ನೊಂಚೂರು ಕುಡ್ಸಕ್ಕ. ಆಮೇಲೆ ಹೇಳು, ಏನು ಇವನ ಹೆಸ್ರು?"